ಬೆಕ್ಕಿಗೆ ಕಟ್ಟಿದ ಮಡ್‌ಗಾರ್ಡು

ನಮ್ಮವರ ಎಡಗಾಲಿನ ಹೆಬ್ಬೆರಳು ಉಳಿಯುತ್ತದೋ ಇಲ್ಲವೋ ಎಂಬುದು ಆ ವರ್ಷ ನಮ್ಮ ಮನೆಯ ದೊಡ್ಡ ಪ್ರಶ್ನೆಯಾಗಿತ್ತು. ಚಪ್ಪಲಿ ಕಚ್ಚಿ ಆದ ಗಾಯ. ಕಡಲೆಕಾಳಿನಷ್ಟಿತ್ತು. ನಾಲ್ಕು ತಿಂಗಳಾದರೂ ಮಾಯುವ ಹೆಸರೆತ್ತಲಿಲ್ಲ. ಪ್ರತಿ ಸೋಮವಾರ ಪಟ್ಟಿ ಬದಲಾಯಿಸುವ ಡಾಕ್ಟರಮ್ಮ ಕನ್ನಡಕವನ್ನು ಹಣೆಗೇರಿಸಿ ಒಂದೇ ಮಾತು ಹೇಳಿದ್ದರು.

"ಸಕ್ಕರೆ ಹತೋಟಿಗೆ ಬಂದ್ರೆ ಬೆರಳು ಇರುತ್ತೆ. ಬರದಿದ್ರೆ ತೆಗೀಬೇಕಾಗುತ್ತೆ. ಸಿಹಿ ಅಂದ್ರೆ ಒಂದು ಚೂರೂ ಇಲ್ಲ. ಜಾಸ್ತಿ ನಡೀಬೇಡಿ. ಸೈಕಲ್ ತುಳೀಬಹುದು, ಆದ್ರೆ ಹಿಮ್ಮಡಿಯಲ್ಲಿ ತುಳೀರಿ."

ನಮ್ಮವರು ತಲೆಯಾಡಿಸಿದರು. ಅವರು ತಲೆಯಾಡಿಸುವ ರೀತಿಯೇ ಹಾಗೆ, ನೋಡಿದವರು ಇವರಷ್ಟು ವಿಧೇಯ ರೋಗಿ ಇನ್ನೊಬ್ಬನಿಲ್ಲ ಎಂದುಕೊಳ್ಳಬೇಕು. ಅದೇ ವಾರ ಒಂದು ಸಂಜೆ ವಾಚನಾಲಯದಿಂದ ಬಂದು ನನ್ನ ಪಕ್ಕ ಕುಳಿತಾಗ ಅವರ ಮೀಸೆಯಿಂದ ವೆನಿಲ್ಲಾ ವಾಸನೆ ಬಂತು. ಬೆಣ್ಣೆ, ಸಕ್ಕರೆಪುಡಿ, ಬಿಸಿ ಬನ್ನು. ಕಲ್ಲುಹಾಸಿನ ಗಲ್ಲಿಯ ಕೊನೆಯಲ್ಲಿರುವ ಬೇಕರಿಯದು. ಆ ವಾಸನೆ ನನಗೆ ಚೆನ್ನಾಗಿ ಗೊತ್ತು.

"ಎಲ್ಲಿಗೆ ಹೋಗಿದ್ರಿ?"

"ವಾಚನಾಲಯಕ್ಕೆ."

"ಏನು ಓದಿದ್ರಿ?"

"ಪೇಪರು."

ನಲವತ್ತು ವರ್ಷ ಗಡಿಯಾರ ರಿಪೇರಿ ಮಾಡಿದ ಮನುಷ್ಯ. ಊರಿನವರ ಗಡಿಯಾರ ಅರ್ಧ ನಿಮಿಷ ಸುಳ್ಳು ಹೇಳಿದರೂ ಸಹಿಸದೆ ಬಿಚ್ಚಿ ಕೂರುತ್ತಿದ್ದವರು ನನ್ನ ಮುಖ ನೋಡಿಕೊಂಡು ಇಂಥ ಸುಳ್ಳು ಹೇಳಿದರು. ನನಗೆ ಮೈಯೆಲ್ಲ ಉರಿದುಹೋಯಿತು. ಉರಿಯ ಕೆಳಗೆ ಭಯವಿತ್ತು, ಅದನ್ನೂ ಹೇಳಿಬಿಡುತ್ತೇನೆ. ಇಂದು ಬೆರಳು, ನಾಳೆ ಪಾದ, ಆಮೇಲೆ ಏನು ಎಂದು ಲೆಕ್ಕ ಹಾಕಿಕೊಂಡು ಎಷ್ಟೋ ಸಲ ಅಡುಗೆಮನೆಯಲ್ಲಿ ಒಬ್ಬಳೇ ನಿಂತಿದ್ದೇನೆ.

ಕೂಗಾಡಿ ಪ್ರಯೋಜನವಿರಲಿಲ್ಲ. ನಮ್ಮದು ನಾನು ಚಾಪೆ ಕೆಳಗೆ ತೂರಿದರೆ ಅವರು ರಂಗೋಲಿ ಕೆಳಗೆ ತೂರುವ ಸಂಸಾರ. ಬೇಕರಿಗೇ ಹೋಗಿ ಕಾದು ಕುಳಿತು ಕೈಯಾರೆ ಹಿಡಿಯಬಹುದಿತ್ತು. ಅದು ಬೇಡವೆನಿಸಿತು. ಯಾಕೆ ಎಂಬುದನ್ನು ಆಮೇಲೆ ಹೇಳುತ್ತೇನೆ, ಹೇಳದೆ ನಿರ್ವಾಹವಿಲ್ಲ.

ಇನ್ನು ಉಳಿದದ್ದು ನನ್ನ ಕಿವಿ. ನಾನು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಆಪರೇಟರ್ ಆಗಿದ್ದವಳು. 'ಹಲೋ' ಎಂಬ ಒಂದೇ ಪದದಲ್ಲಿ ಆ ಮನುಷ್ಯನಿಗೆ ನೆಗಡಿಯೋ, ಜಗಳವೋ, ಬೇರೆಯವರ ಹೆಂಡತಿಯೋ ಎಂದು ಹೇಳುತ್ತಿದ್ದೆ. ಮಧ್ಯಾಹ್ನ ಊಟವಾದ ಮೇಲೆ ಕಿಟಕಿ ಪಕ್ಕದ ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಒರಗುತ್ತೇನೆ. ಅಲ್ಲಿಂದ ಕಾಂಪೌಂಡ್ ಗೋಡೆಯಾಚೆ ಏನೂ ಕಾಣುವುದಿಲ್ಲ, ಆದರೆ ಕೇಳುತ್ತದೆ. ಗೇಟಿನಿಂದ ಎಡಕ್ಕೆ ನಯವಾದ ಡಾಂಬರು ರಸ್ತೆ, ವಾಚನಾಲಯಕ್ಕೆ. ಬಲಕ್ಕೆ ಕಲ್ಲುಹಾಸಿನ ಗಲ್ಲಿ, ಬೇಕರಿಗೆ. ನಮ್ಮವರ ಸೈಕಲ್ಲು ಮಾತ್ರ ಎತ್ತ ಹೋದರೂ ಒಂದು ಚೂರು ಸದ್ದು ಮಾಡುತ್ತಿರಲಿಲ್ಲ. ಗಡಿಯಾರಕ್ಕೆ ಹಾಕುವ ಎಣ್ಣೆಯನ್ನೇ ಅದಕ್ಕೂ ಹಾಕಿ ಸಾಕಿದ್ದರು. ಬೆಕ್ಕಿನ ಹಾಗೆ ಹೋಗುತ್ತಿತ್ತು, ಬೆಕ್ಕಿನ ಹಾಗೆ ಬರುತ್ತಿತ್ತು.

ಬೆಕ್ಕಿಗೆ ಗಂಟೆ ಕಟ್ಟುವವರು ಯಾರು ಎಂದು ಎಲ್ಲರೂ ಕೇಳುತ್ತಾರೆ. ನಾನು ಕಟ್ಟುತ್ತೇನೆ ಎಂದುಕೊಂಡೆ.

ನೆಪ ಸಿದ್ಧವಾಗಿಯೇ ಇತ್ತು. ಸೈಕಲ್ಲಿನ ಹಳೆಯ ಪ್ಲಾಸ್ಟಿಕ್ ಮಡ್‌ಗಾರ್ಡುಗಳು ಹಿಂದಿನ ವರ್ಷವೇ ಸೀಳಿ ಬಿದ್ದಿದ್ದವು. ಅಂದಿನಿಂದ ಒಂದು ಹನಿ ಮಳೆ ಬಂದರೂ ಸಾಕು, ಇವರ ಅಂಗಿಯ ಬೆನ್ನಿಗೆ ಕೆಳಗಿನಿಂದ ಮೇಲಿನವರೆಗೆ ಕೆಸರಿನ ಗೆರೆ. ಅಳಿಲಿಗೆ ಮೂರು ಗೆರೆ, ನಮ್ಮವರಿಗೆ ಒಂದು, ಅಷ್ಟೇ ವ್ಯತ್ಯಾಸ.

"ಇನ್ನು ನಿಮ್ಮ ಅಂಗಿ ಉಜ್ಜೋಕೆ ನನ್ನ ಕೈಲಾಗಲ್ಲ. ಮಡ್‌ಗಾರ್ಡು ನಾನೇ ತರ್ತೀನಿ. ಹುಟ್ಟುಹಬ್ಬಕ್ಕೆ ಅಂತ ಇಟ್ಕೊಳ್ಳಿ," ಎಂದೆ.

"ನನ್ನ ಹುಟ್ಟುಹಬ್ಬ ಮುಗಿದು ಮೂರು ತಿಂಗಳಾಯ್ತಲ್ಲೇ."

"ಮುಂದಿನದಕ್ಕೆ."

ಸೈಕಲ್ ಅಂಗಡಿಯವನನ್ನು ಬೀದಿಯವರೆಲ್ಲ ಕರೆಯುವುದು ಬ್ರೇಕು ಎಂದು. ಮಾತು ನಿಲ್ಲಿಸುವುದೇ ಗೊತ್ತಿಲ್ಲದವನಿಗೆ ಆ ಹೆಸರಿಟ್ಟವರು ಯಾರೋ, ಅವರ ಕೈಗೆ ಚಿನ್ನದ ಕಡಗ ತೊಡಿಸಬೇಕು. ನಾನು ಹೊಲಿಗೆ ಟೇಪಿನಲ್ಲಿ ಟಯರಿನ ಅಗಲ ಅಳೆದುಕೊಂಡು ಹೋಗಿದ್ದೆ. ಅದನ್ನು ನೋಡಿ ಅವನಿಗೆ ಖುಷಿಯೋ ಖುಷಿ.

"ಅಳತೆ ತಂದ್ರಲ್ಲ, ನೀವೇ ನಿಜವಾದ ಗಿರಾಕಿ! ಮಡ್‌ಗಾರ್ಡು ಟಯರಿಗಿಂತ ಎರಡೂ ಕಡೆ ಅರ್ಧರ್ಧ ಬೆರಳು ಅಗಲ ಇರಬೇಕಮ್ಮ. ಕಮ್ಮಿಯಾದ್ರೆ ನೀರು ಪಕ್ಕಕ್ಕೆ ಹಾರುತ್ತೆ, ಜಾಸ್ತಿಯಾದ್ರೆ ಬ್ರೇಕಿಗೆ ತಾಗುತ್ತೆ. ಇದು ಪ್ಲಾಸ್ಟಿಕ್ಕು. ಇದು ಅಲ್ಯೂಮಿನಿಯಂ, ಹಗುರ, ತುಕ್ಕು ಹಿಡಿಯಲ್ಲ. ಇದು ಸ್ಟೀಲು, ಭಾರ, ಯಾರೂ ಕೇಳಲ್ಲ, ಆದ್ರೂ ಒಂದು ಜೊತೆ ಇಟ್ಟಿದ್ದೀನಿ, ಯಾಕಂದ್ರೆ ನಮ್ಮಪ್ಪ..."

ಅವರಪ್ಪನ ಕಥೆ ಅವನು ಹೇಳಿಕೊಳ್ಳಲಿ ಎಂದು ಬಿಟ್ಟು, ನಾನು ಬೀರುವಿನ ಕೀಲಿಕೈ ತೆಗೆದು ಒಂದೊಂದಕ್ಕೂ ಬಡಿದು ಕಿವಿಯಿಟ್ಟೆ. ಪ್ಲಾಸ್ಟಿಕ್ಕು ಡಬ್ ಎಂದು ಸುಮ್ಮನಾಯಿತು. ಅಲ್ಯೂಮಿನಿಯಂ ಟಿಣ್ ಎಂದಿತು, ಮರುಕ್ಷಣ ಸತ್ತಿತು. ಸ್ಟೀಲು ಠಣ್ ಎಂದದ್ದು ನಾನು ಮನಸ್ಸಿನಲ್ಲಿ ಐದು ಎಣಿಸುವವರೆಗೂ ಗುಂಯ್ಗುಡುತ್ತಲೇ ಇತ್ತು.

"ಇದು ಕೊಡಿ."

"ಅಮ್ಮಾ, ಇದು ಸ್ವಲ್ಪ ಸಡಿಲ ಆದ್ರೂ ಸದ್ದು ಮಾಡುತ್ತೆ."

"ಎಷ್ಟು ದೂರಕ್ಕೆ ಕೇಳಿಸುತ್ತೆ?"

"ಎಲ್ರೂ ಸದ್ದು ಮಾಡದೇ ಇರೋದು ಕೇಳ್ತಾರೆ!"

"ಎಲ್ರಿಗೂ ನಮ್ಮ ಯಜಮಾನ್ರು ಇರಲ್ಲ," ಎಂದೆ. ಅಷ್ಟು ಹೊತ್ತಿಗೆ ಅವನ ಬಾಯಿಗೆ ಬ್ರೇಕು ಬಿತ್ತು.

ಮನೆಗೆ ತಂದುಕೊಟ್ಟೆ. ನಮ್ಮವರು ಮಡ್‌ಗಾರ್ಡುಗಳನ್ನು ಬೆಳಕಿಗೆ ಹಿಡಿದು, ಬೆರಳಲ್ಲಿ ಸವರಿ, "ಒಳ್ಳೆ ತಗಡು ಕಣೇ," ಎಂದರು. ಅಂಗಡಿಯಲ್ಲೇ ಹಾಕಿಸಿಕೊಂಡು ಬನ್ನಿ ಎಂದರೆ ಕೇಳಬೇಕಲ್ಲ? ಮುಂದಿನ ಕೋಣೆಯಲ್ಲಿ ಹಳೆಯ ಪೇಪರ್ ಹರಡಿ, ಸೈಕಲ್ಲನ್ನು ತಲೆಕೆಳಗು ನಿಲ್ಲಿಸಿ, ಒಂದು ಕಣ್ಣಿಗೆ ಗಡಿಯಾರದ ಭೂತಗನ್ನಡಿ ಸಿಕ್ಕಿಸಿಕೊಂಡು ಕುಳಿತರು. ನಾನು ಎದುರು ಕುಳಿತು ಬೀನ್ಸ್ ಬಿಡಿಸುತ್ತಿದ್ದೆ.

ಮೊದಲು ನಲ್ಲಿಯ ರಬ್ಬರ್ ಪೈಪನ್ನು ಕತ್ತರಿಸಿ ಟಯರಿನ ಮೇಲೆ ಸುತ್ತಿದರು. ಅದರ ಮೇಲೆ ಮಡ್‌ಗಾರ್ಡನ್ನು ಕೂರಿಸಿದರೆ ಸುತ್ತಲೂ ಒಂದೇ ಅಂತರ ಬರುತ್ತದಂತೆ, ಆಮೇಲೆ ಪೈಪು ಎಳೆದರಾಯಿತು. ನನಗೆ ನಾಳೆ ಗಿಡಕ್ಕೆ ನೀರು ಹಾಕುವುದು ಹೇಗೆ ಎಂಬ ಚಿಂತೆ. ಮಡ್‌ಗಾರ್ಡನ್ನು ಚಕ್ರದ ನಡುವಿಗೆ ಹಿಡಿದಿಡುವ ಕಡ್ಡಿಗಳು ರಂಧ್ರಕ್ಕೆ ಸರಿಯಾಗಿ ಬರಲಿಲ್ಲ, ಒಂದು ನೂಲಿನಷ್ಟು ಆಚೆ. ನಾನಾಗಿದ್ದರೆ ಎಳೆದು ಸ್ಕ್ರೂ ಬಿಗಿಯುತ್ತಿದ್ದೆ. ಇವರು ಬಿಚ್ಚಿದರು, ಮಂಡಿಯ ಮೇಲಿಟ್ಟು ಚೂರೇ ಬಗ್ಗಿಸಿದರು, ಇಟ್ಟು ನೋಡಿದರು, ಮತ್ತೆ ಬಿಚ್ಚಿದರು.

"ಎಳೆದು ಬಿಗೀರಿ ಅತ್ಲಾಗೆ!"

"ತಗಡಿಗೆ ಬಲವಂತ ಮಾಡಬಾರದು. ಈಗ ಕೂತ್ಕೊಳ್ಳುತ್ತೆ, ಒಂದಿನ ಯಾರಿಗೂ ಹೇಳದೆ ಸೀಳುತ್ತೆ."

ಆಮೇಲೆ ಬಂತು ಪೆಟ್ಟಿಗೆ. ಸತ್ತುಹೋದ ಗಡಿಯಾರಗಳ ಚರ್ಮದ ಪಟ್ಟಿಗಳನ್ನೆಲ್ಲ ಅದರಲ್ಲಿ ಕೂಡಿಟ್ಟಿದ್ದರು. ಒಂದೊಂದನ್ನೂ ಗುಂಡಗೆ ಕತ್ತರಿಸಿ, ನಡುವೆ ತೂತು ಕೊರೆದು, ಕಬ್ಬಿಣ ಕಬ್ಬಿಣಕ್ಕೆ ತಾಗುವ ಜಾಗದಲ್ಲೆಲ್ಲ ಸೇರಿಸಿದರು. ಬೆಳಿಗ್ಗೆ ಹತ್ತಕ್ಕೆ ಕುಳಿತವರು ಎದ್ದಾಗ ಸಂಜೆ ಐದು. ಸೈಕಲ್ಲನ್ನು ಎರಡು ಕೈಯಲ್ಲಿ ಎತ್ತಿ ನೆಲಕ್ಕೆ ಕುಟ್ಟಿದರು. ಸದ್ದಿಲ್ಲ. ಇನ್ನೊಮ್ಮೆ ಕುಟ್ಟಿದರು. ಬೀನ್ಸು ತಟ್ಟೆಯಿಂದ ಹಾರಿತೇ ಹೊರತು ಮಡ್‌ಗಾರ್ಡು ತುಟಿ ಪಿಟಕ್ಕೆನ್ನಲಿಲ್ಲ.

"ಹೇಗಿದೆ?" ಎಂದು ಭೂತಗನ್ನಡಿಯ ಕಣ್ಣಿನಿಂದ ನನ್ನನ್ನು ನೋಡಿದರು. ಆ ಕಣ್ಣು ತಟ್ಟೆಯಷ್ಟಾಗಿತ್ತು.

"ಚೆನ್ನಾಗಿದೆ," ಎಂದೆ ಹಲ್ಲು ಕಚ್ಚಿಕೊಂಡು. ಗಂಟೆ ತಂದವಳು ನಾನು, ನಾಲಿಗೆ ಕಿತ್ತವರು ಅವರು.

ಮರುದಿನ ಅವರು ಸ್ನಾನಕ್ಕೆ ಹೋದಾಗ ನಾನು ಸ್ಪ್ಯಾನರ್ ಹುಡುಕಿ ಹಿಂದಿನ ಕಡ್ಡಿಯ ನಟ್ಟನ್ನು ಅರ್ಧ ಸುತ್ತು ಸಡಿಲಿಸಿದೆ. ನಾಲ್ಕು ಗಂಟೆಗೆ ಗೇಟು ದಾಟಿ ಬಲಕ್ಕೆ ತಿರುಗಿದ್ದೇ ತಡ, ಕಲ್ಲುಹಾಸಿನ ಮೇಲೆ ಠಣಠಣಠಣ ಎಂದು ಪಾತ್ರೆ ಅಂಗಡಿಯೇ ಮಗುಚಿದಂತಾಯಿತು. ಹತ್ತು ಮಾರಿಗೆ ಸದ್ದು ನಿಂತಿತು. ಹಿಂದಕ್ಕೆ ಬಂತು. ಎಡಕ್ಕೆ ಹೋಯಿತು. ನಾನು ಕಣ್ಣು ಮುಚ್ಚಿಕೊಂಡೇ ನಕ್ಕೆ.

ಆ ಸಂಜೆ ಅವರು ನಟ್ಟು ಬಿಗಿದರು. ಬೆಳಿಗ್ಗೆ ನಾನು ಸಡಿಲಿಸಿದೆ. ಅವರು ಎರಡನೆಯ ನಟ್ಟು ಸೇರಿಸಿದರು. ನಾನು ಎರಡನ್ನೂ ಸಡಿಲಿಸಿದೆ. ಅವರು ಸ್ಪ್ಯಾನರನ್ನು ಬಚ್ಚಿಟ್ಟರು. ನಾನು ಬ್ರೇಕಿನ ಅಂಗಡಿಯಿಂದ ಇನ್ನೊಂದು ತಂದೆ. ಹತ್ತು ದಿನ ಹೀಗೇ ನಡೆಯಿತು. ಈ ಬಗ್ಗೆ ನಮ್ಮಿಬ್ಬರಲ್ಲಿ ಒಂದೇ ಒಂದು ಮಾತು ಬರಲಿಲ್ಲ. ಊಟಕ್ಕೆ ಕುಳಿತಾಗ ಅವರು ನನ್ನ ಬೆರಳಿನ ಎಣ್ಣೆಕಲೆ ನೋಡುತ್ತಿದ್ದರು, ನಾನು ಅವರದು ನೋಡುತ್ತಿದ್ದೆ, "ಇನ್ನೊಂಚೂರು ಅನ್ನ ಬಡಿಸ್ಲಾ?" ಎನ್ನುತ್ತಿದ್ದೆ.

ಹನ್ನೊಂದನೆಯ ದಿನ ಅವರು ಬಿಗಿಯಲಿಲ್ಲ. ಹನ್ನೆರಡನೆಯ ದಿನವೂ ಇಲ್ಲ. ನಾಲ್ಕಕ್ಕೆ ಸೈಕಲ್ಲು ಠಣಠಣ ಎನ್ನುತ್ತ ಎಡಕ್ಕೆ ಹೋಗುತ್ತಿತ್ತು, ಐದಕ್ಕೆ ಠಣಠಣ ಎನ್ನುತ್ತ ಎಡದಿಂದಲೇ ಬರುತ್ತಿತ್ತು. ಮೀಸೆಯಿಂದ ಬರುತ್ತಿದ್ದದ್ದು ಬರೀ ಏಲಕ್ಕಿಯ ವಾಸನೆ. ನನ್ನ ಹೊಟ್ಟೆಗೆ ಹಾಲು ಹೊಯ್ದಂತಾಯಿತು. ಗೆದ್ದೆ ಎಂದುಕೊಂಡು ಆ ಬುಧವಾರ ಹಳೆಯ ಸಹೋದ್ಯೋಗಿಯ ಮನೆಗೆ ಎಂದಿನಂತೆ ಹೊರಟಾಗ ಹೊಸ ಸೀರೆಯನ್ನೇ ಉಟ್ಟುಕೊಂಡೆ. ಬುಧವಾರ ನಾನು ಹೊರಗೆ, ಅವರು ಮನೆಯಲ್ಲಿ, ಇದು ವರ್ಷಗಳಿಂದ ನಡೆದುಬಂದ ಪದ್ಧತಿ.

ಎರಡು ವಾರ ಕಳೆದ ಮೇಲೆ ಡಾಕ್ಟರಮ್ಮ ಪಟ್ಟಿ ಬಿಚ್ಚಿ, ಬೆರಳನ್ನು ಅತ್ತಿತ್ತ ತಿರುಗಿಸಿ ನೋಡಿ, ನನ್ನ ಕಡೆ ತಿರುಗಿದರು.

"ಸಕ್ಕರೆ ಏರಿದೆ. ಗಾಯಾನೂ ಆಳ ಆಗಿದೆ. ನಡೀಬೇಡಿ ಅಂದಿದ್ನಲ್ಲ, ಇವರು ದಿನಾ ಎಷ್ಟು ನಡೀತಾರೆ?"

"ನಡಿಯೋದೇ ಇಲ್ಲವಲ್ಲ! ಸೈಕಲ್ಲಲ್ಲೇ ಹೋಗ್ತಾರೆ," ಎಂದೆ.

ನಮ್ಮವರು ಗೋಡೆಯ ಗಡಿಯಾರ ನೋಡುತ್ತ, "ಇದು ಎರಡು ನಿಮಿಷ ಹಿಂದಿದೆ," ಎಂದರು.

"ಹದಿನೈದು ದಿನ ಕೊಡ್ತೀನಿ," ಎಂದರು ಡಾಕ್ಟರಮ್ಮ. "ಆಮೇಲೆ ಸರ್ಜನ್ ಹತ್ರ ಕಳಿಸ್ಬೇಕಾಗುತ್ತೆ."

ಮರುದಿನ ಮಧ್ಯಾಹ್ನ ಕುರ್ಚಿಯಲ್ಲಿ ಒರಗಿ, ಎಕ್ಸ್‌ಚೇಂಜಿನಲ್ಲಿ ದೂರದೂರಿನ ಕರೆ ಕೇಳುತ್ತಿದ್ದಂತೆ ಕೇಳಿದೆ. ಅದಕ್ಕೂ ಮುಂಚೆ ಬರೀ ಎಡವೋ ಬಲವೋ ಎಂದಷ್ಟೇ ಕೇಳುತ್ತಿದ್ದೆ, ಅದು ನನ್ನ ತಪ್ಪು. ಗೇಟು ಕಿರ್ ಎಂದಿತು. ಸೈಕಲ್ಲು ಹೊರಟಿತು. ಠಣ್, ಠಣ್, ಠಣ್, ಠಣ್. ಸಮವಾಗಿ, ಗಡಿಯಾರದ ಹಾಗೆ.

ನಾನು ಕಣ್ಣು ಬಿಟ್ಟೆ. ಎಡಗಾಲಿನ ಹಿಮ್ಮಡಿಯಲ್ಲಿ ತುಳಿಯುವ ಮನುಷ್ಯನ ಸೈಕಲ್ಲು ಸಮವಾಗಿ ಸದ್ದು ಮಾಡುವುದು ಹೇಗೆ? ಬಲಗಾಲಿಗೆ ಠಣ್ ಎಂದರೆ ಎಡಗಾಲಿಗೆ ಟಿಣ್ ಎನ್ನಬೇಕು. ಇದು ಎರಡೂ ಕಾಲು ನೆಟ್ಟಗಿರುವ ಯಾವನೋ ತುಳಿಯುತ್ತಿರುವ ಸದ್ದು.

ಚಪ್ಪಲಿಯನ್ನೂ ಮೆಟ್ಟದೆ ಗೇಟಿಗೆ ಓಡಿದೆ. ಎಡರಸ್ತೆಯಲ್ಲಿ ನಮ್ಮವರ ಸೈಕಲ್ಲಿನ ಮೇಲೆ, ನಮ್ಮವರ ಟೋಪಿಯನ್ನೂ ಹಾಕಿಕೊಂಡು, ಮೂಲೆ ಅಂಗಡಿಯ ಕ್ಷೌರಿಕ ಹೋಗುತ್ತಿದ್ದ.

"ನಿಲ್ಲಪ್ಪಾ!"

ಅವನು ನಿಂತ. ಟೋಪಿ ತೆಗೆದ.

"ಅಮ್ಮಾ, ನನ್ನ ತಪ್ಪಿಲ್ಲ. ನಾಲ್ಕರಿಂದ ಐದು ನನ್ನ ಅಂಗಡಿ ಖಾಲಿ ಇರುತ್ತೆ. ಸೈಕಲ್ ತಗೊಂಡು ವಾಚನಾಲಯಕ್ಕೆ ಹೋಗಿ ಬಾ, ವ್ಯಾಯಾಮ ಆಗುತ್ತೆ ಅಂದ್ರು ಯಜಮಾನ್ರು. ಮೊದಮೊದಲು ಸುಮ್ನೆ ಕೂತಿರ್ತಿದ್ದೆ. ಈಗ ಅಲ್ಲಿನ ಹಳೇ ವಾರಪತ್ರಿಕೆಗಳಲ್ಲಿ ಒಂದು ಧಾರಾವಾಹಿ ಹಿಡಿಸಿಬಿಟ್ಟಿದೆ, ಅರ್ಧಕ್ಕೆ ಬಂದಿದೆ. ದಯವಿಟ್ಟು ನಿಲ್ಲಿಸ್ಬೇಡಿ."

"ಅವರೆಲ್ಲಿ?"

ಅವನು ಗಲ್ಲಿಯ ಕಡೆ ನೋಡಿದ. ಹಾಗಾದರೆ ಅವರು ನಡೆದುಕೊಂಡು ಹೋಗುತ್ತಿದ್ದರು, ಆ ಕಾಲಿನಲ್ಲಿ, ಆ ಕಲ್ಲುಗಳ ಮೇಲೆ, ದಿನಾ. ನಾನು ಕಟ್ಟಿದ ಗಂಟೆಯನ್ನು ಬೆಕ್ಕು ಬಿಚ್ಚಿ ಕ್ಷೌರಿಕನ ಕೊರಳಿಗೆ ಕಟ್ಟಿ ತಾನು ಕಾಲ್ನಡಿಗೆಯಲ್ಲಿ ಹೊರಟಿತ್ತು. ನಾನು ಸುಮ್ಮನಿದ್ದಿದ್ದರೆ ಕನಿಷ್ಠ ಸೈಕಲ್ಲಿನಲ್ಲಾದರೂ ಹೋಗುತ್ತಿದ್ದರು. ಕೋಪ, ನಾಚಿಕೆ, ಅಳು ಮೂರೂ ಒಟ್ಟಿಗೆ ಬಂದವು. ಮೊದಲು ಕೋಪವನ್ನೇ ಮುಂದೆ ಬಿಟ್ಟುಕೊಂಡು ಗಲ್ಲಿಗೆ ನುಗ್ಗಿದೆ.

ಬೇಕರಿಯ ಬಾಗಿಲಲ್ಲಿ ಕಾಲಿಟ್ಟೆ. ಗಾಜಿನ ಕಪಾಟಿನ ಪಕ್ಕ, ಗೋಡೆಗೆ ಸೇರಿದ ಬೆಂಚಿನ ಮೇಲೆ, ನಮ್ಮವರು. ಕೈಯಲ್ಲಿ ಕ್ರೀಮ್ ಬನ್ನು, ಬಾಯಿ ತೆರೆದಿತ್ತು. ನಾನೂ ಬಾಯಿ ತೆರೆದೆ. ಅಷ್ಟರಲ್ಲಿ ಒಲೆಯ ಕಡೆಯಿಂದ ಬೇಕರಿಯಾಕೆ ಹಿಟ್ಟಿನ ಕೈ ಒರೆಸಿಕೊಳ್ಳುತ್ತ ಬಂದವಳು ನನ್ನನ್ನು ನೋಡಿ ಮುಖವರಳಿಸಿದಳು.

"ಅಯ್ಯೋ, ಬನ್ನಿ ಅಮ್ಮ! ಇವತ್ತು ಬುಧವಾರ ಅಲ್ಲವಲ್ಲ? ಎಂದಿನ ಹಾಗೆ ಎರಡು ಕ್ರೀಮ್ ಬನ್ನಾ? ಇಲ್ಲೇ ತಿಂತೀರಾ, ಪಾರ್ಕಲ್ಲಿ ಕೂತ್ಕೊಂಡಾ?"

ಹೇಳದೆ ನಿರ್ವಾಹವಿಲ್ಲ ಎಂದಿದ್ದೆನಲ್ಲ, ಇದೇ ಅದು. ಇವರಿಗೆ ಸಕ್ಕರೆ ಕಾಯಿಲೆ ಎಂದು ಗೊತ್ತಾದ ದಿನ, "ಇನ್ನು ಈ ಮನೇಲಿ ನಾನೂ ಸಿಹಿ ಮುಟ್ಟಲ್ಲ," ಎಂದು ಎಲ್ಲರೆದುರು ಹೇಳಿದ್ದೆ. ಮನೆಯಲ್ಲಿ ಮುಟ್ಟಲೂ ಇಲ್ಲ. ಹಳೆಯ ಸಹೋದ್ಯೋಗಿ ಊರು ಬಿಟ್ಟು ವರ್ಷದ ಮೇಲಾಗಿತ್ತು.

ಬೇಕರಿಯಾಕೆ ನನ್ನನ್ನೂ ಅವರನ್ನೂ ನೋಡಿದಳು. "ಇವರು ನಿಮ್ಮ ಯಜಮಾನ್ರಾ?" ಎಂದಳು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಳ್ಳುತ್ತಾರಂತೆ. ನಾನು ಸೆರಗಿನಿಂದ ಬಾಯಿ ಒರೆಸಿಕೊಂಡೆ, ಬಾಯಲ್ಲಿ ಏನೂ ಇಲ್ಲದಿದ್ದರೂ.

ನಮ್ಮವರು ನಗುತ್ತಾರೆ ಎಂದುಕೊಂಡೆ. ನಗಲಿಲ್ಲ. ಬನ್ನನ್ನು ಕಾಗದದ ಮೇಲಿಟ್ಟು ಬೆಂಚಿನಲ್ಲಿ ಸರಿದು ಜಾಗ ಮಾಡಿಕೊಟ್ಟರು.

"ಕೂತ್ಕೋ. ಪುರಾಣ ಹೇಳೋಕೆ, ಬದನೆಕಾಯಿ ತಿನ್ನೋಕೆ ಅಂತ ಅನ್ನಲ್ಲ, ಹೆದರ್ಬೇಡ. ನಂಗೆ ಮೊದಲೇ ಗೊತ್ತಿತ್ತು."

"ಯಾವಾಗಿಂದ?"

"ಒಂದು ಬುಧವಾರ ಕೊಡೆ ಹುಡುಕೋಕೆ ನಿನ್ನ ಚೀಲ ತೆಗೆದೆ. ಈ ಅಂಗಡಿ ಕಾಗದ ಸಿಕ್ತು, ಕ್ರೀಮ್ ಅಂಟಿತ್ತು." ಅವರು ತಮ್ಮ ಕಾಲಿನ ಪಟ್ಟಿಯನ್ನು ನೋಡಿಕೊಂಡರು. "ಅದಕ್ಕೂ ಮುಂಚೆ ಎಂಟು ತಿಂಗಳು ನಾನು ಒಂದು ಚೂರೂ ತಿಂದಿರಲಿಲ್ಲ ಕಣೇ. ನನಗೋಸ್ಕರ ಅವಳೂ ಬಿಟ್ಟಿದ್ದಾಳೆ, ನಾನು ತಿಂದ್ರೆ ಮನುಷ್ಯನೇ ಅಲ್ಲ ಅನ್ಕೊಂಡಿದ್ದೆ. ಆ ಕಾಗದ ನೋಡಿದ ಮಾರನೇ ದಿನ ಇಲ್ಲಿಗೆ ಬಂದೆ."

ನನ್ನ ಕಿವಿ ಎಂದು ಅಷ್ಟು ಹೇಳಿಕೊಂಡಿದ್ದೆನಲ್ಲ, ಆ ಮಾತು ಅದಕ್ಕೆ ಕಾಯಿಸಿದ ಸೀಸ ಹೊಯ್ದಂತೆ ಬಿತ್ತು. ಎಂಟು ತಿಂಗಳು ಬಾಯಿ ಕಟ್ಟಿದ್ದ ಮನುಷ್ಯನನ್ನು ಬೇಕರಿಗೆ ಕಳಿಸಿದವಳು ನಾನೇ. ಗಂಟೆ ಕಟ್ಟಬೇಕಾಗಿದ್ದ ಬೆಕ್ಕು ಆರಾಮಕುರ್ಚಿಯಲ್ಲಿ ಕಣ್ಣು ಮುಚ್ಚಿಕೊಂಡು ಹಾಲು ಕುಡಿಯುತ್ತಿತ್ತು. ನಾನು ಅಲ್ಲೇ, ಬೇಕರಿಯಾಕೆಯ ಎದುರೇ, ಅತ್ತುಬಿಟ್ಟೆ. ಆಕೆ ಪಾಪ ಏನು ಮಾಡಬೇಕೆಂದು ತೋಚದೆ ಒಂದು ಬನ್ನು ತಂದು ಮುಂದೆ ಹಿಡಿದಳು.

"ಬೇಡಮ್ಮ," ಎಂದೆವು ಇಬ್ಬರೂ ಒಟ್ಟಿಗೆ.

ಹಿಂದಿರುಗುವಾಗ ಅವರನ್ನು ನಡೆಯಲು ಬಿಡಲಿಲ್ಲ. ಕ್ಷೌರಿಕನಿಗೆ ಹೇಳಿ ಕಳಿಸಿ ಸೈಕಲ್ಲು ತರಿಸಿದೆ. ಅವರನ್ನು ಹಿಂದಿನ ಕ್ಯಾರಿಯರಿನ ಮೇಲೆ ಕೂರಿಸಿ, ಸೀರೆಯನ್ನು ಎತ್ತಿ ಸಿಕ್ಕಿಸಿ, ನಾನು ತುಳಿದೆ. ಎಕ್ಸ್‌ಚೇಂಜಿಗೆ ಇಪ್ಪತ್ತು ವರ್ಷ ಸೈಕಲ್ಲಿನಲ್ಲಿ ಹೋದವಳು, ಮರೆತಿರಲಿಲ್ಲ. ತುಳಿಯುತ್ತಲೇ ಬೆಕ್ಕಿಗೆ ಗಂಟೆ ಕಟ್ಟಲು ಹೊರಟ ನನ್ನ ಲೆಕ್ಕವನ್ನೆಲ್ಲ ಅವರಿಗೆ ಒಪ್ಪಿಸಿದೆ. ಬ್ರೇಕು ತನ್ನ ಅಂಗಡಿಯಿಂದ ಹೊರಗೆ ಬಂದು ನೋಡಿದ. ಜೀವಮಾನದಲ್ಲಿ ಎರಡನೆಯ ಸಲ ಅವನಿಗೆ ಮಾತು ನಿಂತಿತು.

ಹದಿನೈದು ದಿನಕ್ಕೆ ಡಾಕ್ಟರಮ್ಮ ಸರ್ಜನ್ ಹೆಸರೆತ್ತಲಿಲ್ಲ. ಎರಡು ತಿಂಗಳಿಗೆ ಗಾಯ ಮತ್ತೆ ಕಡಲೆಕಾಳಿನಷ್ಟಾಯಿತು, ಆಮೇಲೆ ಸಾಸಿವೆಯಷ್ಟು. "ಬೆರಳು ಉಳೀತು ಅನ್ಕೊಳ್ಳಿ," ಎಂದರು ಕೊನೆಗೆ. ಕ್ಷೌರಿಕ ಈಗ ಸ್ವಂತ ಸೈಕಲ್ಲು ಕೊಂಡಿದ್ದಾನೆ, ಧಾರಾವಾಹಿ ಮುಗಿದು ಇನ್ನೊಂದು ಶುರುವಾಗಿದೆ.

ಪ್ರತಿ ಸೋಮವಾರ ನಾನು ತುಳಿಯುತ್ತೇನೆ, ಅವರು ಹಿಂದೆ ಕಾಲು ಇಳಿಬಿಟ್ಟುಕೊಂಡು ಕೂರುತ್ತಾರೆ. ಕಲ್ಲುಹಾಸಿನ ಗಲ್ಲಿಯ ಮೂಲಕವೇ ಡಾಕ್ಟರಮ್ಮನಲ್ಲಿಗೆ ದಾರಿ. ಮೊದಲ ಸೋಮವಾರ ಸೈಕಲ್ಲು ಅಂಥಾ ಸದ್ದು ಮಾಡಿತೆಂದರೆ ನನಗೇ ಗಾಬರಿಯಾಯಿತು. ನಾನು ಮತ್ತೆ ನಟ್ಟು ಮುಟ್ಟಿರಲಿಲ್ಲ. ಕೇಳಿದರೆ, ಗಡಿಯಾರದ ಪಟ್ಟಿಯಿಂದ ಕತ್ತರಿಸಿದ್ದ ಚರ್ಮದ ಬಿಲ್ಲೆಗಳನ್ನೆಲ್ಲ ತಾವೇ ತೆಗೆದುಹಾಕಿದ್ದಾಗಿ ಹೇಳಿದರು.

"ಯಾಕ್ರೀ? ಅಷ್ಟು ಕಷ್ಟಪಟ್ಟು ಮಾಡಿದ್ರಲ್ಲ."

"ಗಂಟೆ ಅಂದ್ಮೇಲೆ ಇಬ್ರದ್ದೂ ಕೇಳಿಸ್ಬೇಕು."

ಬೇಕರಿಯಾಕೆಗೆ ಈಗ ಅಭ್ಯಾಸವಾಗಿದೆ. ಗಲ್ಲಿಯ ತುದಿಯಲ್ಲಿ ಠಣಠಣ ಶುರುವಾದದ್ದೇ ಗಾಜಿನ ಕಪಾಟಿನ ಮೇಲೆ ಬಿಳಿ ಬಟ್ಟೆ ಎಳೆದುಬಿಡುತ್ತಾಳೆ. ಗಂಟೆ ಕೇಳಿ ಇಲಿಗಳೆಲ್ಲ ಬಿಲ ಸೇರಿದವು ಎಂದು ಹಿಂದಿನಿಂದ ನಮ್ಮವರು ನಗುತ್ತಾರೆ. ನಾನು ಬ್ರೇಕು ಹಿಡಿಯುವುದಿಲ್ಲ. ಆದರೆ ಬಾಗಿಲ ಎದುರು ಬಂದಾಗ ಸ್ವಲ್ಪ ನಿಧಾನವಾಗಿ ತುಳಿಯುತ್ತೇನೆ, ಹಿಂದಿನಿಂದ ಅವರು ಉದ್ದಕ್ಕೆ ಉಸಿರೆಳೆದುಕೊಳ್ಳುವ ಸದ್ದು ಕೇಳುತ್ತದೆ, ನಾನೂ ಎಳೆದುಕೊಳ್ಳುತ್ತೇನೆ. ವಾಸನೆಯಲ್ಲಿ ಸಕ್ಕರೆ ಇರುವುದಿಲ್ಲವೆಂದು ಡಾಕ್ಟರಮ್ಮನನ್ನು ಎರಡು ಸಲ ಕೇಳಿ ಖಾತ್ರಿ ಮಾಡಿಕೊಂಡಿದ್ದೇನೆ.